0.45 ಎಂದು ಕೆತ್ತಿದ ವೈಡ್ ಲೆನ್ಸ್‌ಗೆ ದುಡ್ಡು ಕೊಡುವ ಮುಂಚೆ

ಯಕ್ಷಗಾನದ ವಿಡಿಯೊ ಮಾಡುವವರು, ಮದುವೆ ಉಪನಯನಕ್ಕೆ ಹ್ಯಾಂಡಿಕ್ಯಾಮ್ ಹಿಡಿಯುವವರು ಇದನ್ನು ಓದಿ. ಅಂಗಡಿ ಹೆಸರು ಹಾಕುವುದಿಲ್ಲ. ಮಂಗಳೂರಿನ ಒಂದು ಅಂಗಡಿ, ಅಷ್ಟು ಸಾಕು. ಅದೇ ಲೆನ್ಸು, ಅದೇ ಮಾತು ಬೇರೆ ಊರುಗಳಲ್ಲೂ ಸಿಗುತ್ತದೆ ಎಂದು ಈಗ ನಾಲ್ಕು ಜನರನ್ನು ವಿಚಾರಿಸಿದ ಮೇಲೆ ಗೊತ್ತಾಯಿತು.

"ಮೊಬೈಲ್ ಇರುವಾಗ ಇನ್ನೂ ಹ್ಯಾಂಡಿಕ್ಯಾಮ್ ಎಂತಕೆ ಮಾರಾಯ್ರೆ" ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಯಕ್ಷಗಾನದ ಆಟ ಎಂದರೆ ಇಡೀ ರಾತ್ರಿ. ಮೊಬೈಲ್ ಬಿಸಿಯಾಗಿ ಕೈಕೊಡುತ್ತದೆ, ಎಷ್ಟೋ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಹ್ಯಾಂಡಿಕ್ಯಾಮಿಗೆ ಕರೆಂಟ್ ಕೊಟ್ಟು, ಕಾರ್ಡ್ ಬದಲಿಸುತ್ತ ಹೋದರೆ ಬೆಳಗ್ಗೆ ಮಂಗಳದವರೆಗೆ ಓಡುತ್ತದೆ. ತೊಂದರೆ ಇದ್ದದ್ದು ಒಂದೇ. ನನ್ನದು ಹಳೇ ಕ್ಯಾಮೆರಾ, ಪೂರ್ತಿ ವೈಡ್ ಮಾಡಿದರೂ ಸುಮಾರು 40 ಎಂಎಂ ಲೆಕ್ಕ (ಈ ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಅಗಲ ಕಾಣುತ್ತದೆ). ಮುಂದೆ ಕೂತರೆ ರಂಗಸ್ಥಳದ ಎರಡೂ ಕಂಬ ಒಟ್ಟಿಗೆ ಸಿಗುವುದಿಲ್ಲ, ಹಿಂದೆ ಹೋದರೆ ಬರೀ ಜನರ ತಲೆ. ವೇಷ ಕಟ್ಟುವ ಚೌಕಿಯ ಒಳಗಂತೂ ಕೇಳುವುದೇ ಬೇಡ.

ಕ್ಯಾಮೆರಾದ ಲೆನ್ಸಿನ ಮುಂದೆ ತಿರುಪುವ ವೈಡ್ ಲೆನ್ಸಿಗೆ ಕನ್ವರ್ಟರ್ ಎನ್ನುತ್ತಾರೆ. 0.7ರ ಕನ್ವರ್ಟರ್ ಹಾಕಿದರೆ 40 ಹೋಗಿ 28 ಆಗುತ್ತದೆ. ನನಗೆ ಅಷ್ಟೇ ಬೇಕಿತ್ತು. ಬಾಯಿ ಬಿಟ್ಟು ಹಾಗೆಯೇ ಕೇಳಿದ್ದೆ: 37 ಎಂಎಂ ಥ್ರೆಡ್ (ತಿರುಪುವ ಬಾಯಿಯ ಅಳತೆ), 0.7, ಜೂಮ್ ಕೊನೆಯವರೆಗೂ ಕೆಲಸ ಮಾಡಬೇಕು.

"0.7 ಈಗ ಯಾರೂ ತಗೊಳ್ಳುದಿಲ್ಲ ಸರ್. ಇದು ನೋಡಿ, 0.45. ನಿಮ್ಮ ಮೊಬೈಲಲ್ಲಿ 0.5 ಉಂಟಲ್ಲ, ಅದಕ್ಕಿಂತ ಜಾಸ್ತಿ ಬರ್ತದೆ."

ಮೊಬೈಲಿನ 0.5ಕ್ಕೆ ಒಳಗೆ ಬೇರೆ ಕ್ಯಾಮೆರಾವೇ ಇರುತ್ತದೆ, ಹೊರಗಿನಿಂದ ಗಾಜು ತಿರುಪುವುದಲ್ಲ, ಎರಡೂ ಹೇಗೆ ಒಂದಾಗುತ್ತದೆ ಎಂದು ಕೇಳಿದೆ. "ಎಲ್ಲ ಒಂದೇ ಸರ್" ಅಂದ. ಜೂಮ್ ಆಗುತ್ತದಾ? "ಫುಲ್ ಜೂಮ್ ಸರ್." ಈ ಎರಡು ಶಬ್ದ ನೆನಪಿಡಿ. ಫುಲ್ ಜೂಮ್.

ಲೆನ್ಸಿನ ಸುತ್ತ ಬಂಗಾರದ ಅಕ್ಷರಗಳಲ್ಲಿ ಎಚ್‌ಡಿ, ಟೈಟಾನಿಯಂ, ಜಪಾನ್ ಆಪ್ಟಿಕ್ಸ್, ವಿತ್ ಮ್ಯಾಕ್ರೊ. ಇಷ್ಟೆಲ್ಲ ಇದೆ, ತಯಾರಿಸಿದ ಕಂಪನಿಯ ವಿಳಾಸ ಮಾತ್ರ ಡಬ್ಬಿಯಲ್ಲೂ ಇಲ್ಲ. ಲೆನ್ಸ್ 58 ಎಂಎಂದು, ನನ್ನ 37ಕ್ಕೆ ಕೂರಿಸಲು ನಡುವೆ ಒಂದು ರಿಂಗ್. ಅದಕ್ಕೆ ಬೇರೆ ದುಡ್ಡು. ಎಲ್ಲ ಸೇರಿ ಮೂರೂವರೆ ಸಾವಿರ.

ಮೋಸ ನಡೆದದ್ದು ಎಲ್ಲಿ ಎಂದರೆ, ತೋರಿಸುವ ನೆಪದಲ್ಲಿ ಕ್ಯಾಮೆರಾ ಅವನ ಕೈಗೆ ಹೋದಲ್ಲಿ. ತಾನೇ ಲೆನ್ಸ್ ತಿರುಪಿ, ತಾನೇ ಪೂರ್ತಿ ವೈಡ್ ಇಟ್ಟು, ಬಾಗಿಲಿನಿಂದ ರಸ್ತೆಗೆ ಹಿಡಿದ. ಮೂರಿಂಚಿನ ಪರದೆಯಲ್ಲಿ ಎದುರಿನ ಅಂಗಡಿಸಾಲು ಪೂರ್ತಿ, ಬಸ್ಸು, ಮೇಲಿನ ಆಕಾಶ, ಎಲ್ಲ ಚಂದ. ಮೂರಿಂಚಿನಲ್ಲಿ ಯಾವುದು ತಾನೇ ಚಂದ ಕಾಣುವುದಿಲ್ಲ! ಜೂಮ್ ಒತ್ತಲು ಕೈ ಚಾಚಿದೆ. "ಬ್ಯಾಟರಿ ಲೋ ತೋರಿಸ್ತಾ ಉಂಟು ಸರ್" ಎಂದು ಆಫ್ ಮಾಡಿ, ಲೆನ್ಸ್ ಬಿಚ್ಚಿ ಡಬ್ಬಿಗೆ ಹಾಕಿ ಬಿಲ್ ಬರೆಯಲು ಕೂತ. ಆ ಕೈಚಳಕ ಈಗಲೂ ಕಣ್ಣೆದುರು ಬರುತ್ತದೆ. ಅವನಿಗೆ ಗೊತ್ತಿತ್ತು. ಜೂಮ್ ಒತ್ತಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಕೆಲಸ ಒಂದು ಹರಕೆ ಆಟ. ವೈಡ್‌ನಲ್ಲಿ ರಂಗಸ್ಥಳ ಪೂರ್ತಿ ಬಂತು, ಖುಷಿಯಾಯಿತು. ಪದ್ಯ ಏರುವ ಹೊತ್ತಿಗೆ ಭಾಗವತರ ಮುಖಕ್ಕೆ ಜೂಮ್ ಹೋದೆ. ಅರ್ಧ ದಾರಿಯಲ್ಲೇ ಎಲ್ಲ ಮಸುಕು. ಆಟೊಫೋಕಸ್ ಹಿಂದೆ ಮುಂದೆ ಓಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಮ್ಯಾನ್ಯುಯಲ್‌ಗೆ ಹಾಕಿದರೂ ಅದೇ ಕತೆ. ಜೂಮಿನ ಕೊನೆವರೆಗೂ ಫೋಕಸ್ ಹಿಡಿಯುವ ಕನ್ವರ್ಟರ್ ಬೇರೆ, ವೈಡ್ ತುದಿಯಲ್ಲಿ ಮಾತ್ರ ನಡೆಯುವುದು ಬೇರೆ. ಇದು ಎರಡನೆಯ ಜಾತಿ. ಬಿಚ್ಚಿ ಬದಿಗಿಡೋಣ ಎಂದರೆ ರಿಂಗ್ ಕಚ್ಚಿಕೊಂಡಿದೆ. ಬಲ ಹಾಕಿದರೆ ಕ್ಯಾಮೆರಾದ ಪ್ಲಾಸ್ಟಿಕ್ ಥ್ರೆಡ್ಡೇ ಹೋಗುತ್ತದೆ. ಹಾಗೆಯೇ ಬೆಳಗಾಯಿತು.

ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಬೆಳಕಲ್ಲಿ ಬರುವ ಪ್ರವೇಶ ಗೊತ್ತಲ್ಲ, ಜನ ಕಾದು ಕೂರುವುದೇ ಅದಕ್ಕೆ. ರಾಳ ಹಾರಿಸಿ ಬೆಂಕಿ ಎದ್ದಾಗಲೆಲ್ಲ ಚಿತ್ರಕ್ಕೆ ಬಿಳಿ ಮಂಜು ಕವಿದಿದೆ. ಗಾಜಿಗೆ ಸರಿಯಾದ ಕೋಟಿಂಗ್ ಇಲ್ಲ, ಬೆಳಕು ಒಳಗೊಳಗೇ ಪ್ರತಿಫಲಿಸಿ ಹೀಗಾಗುತ್ತದೆ.

ಆಟ ಆಡಿಸಿದ ಸೇವಾಕರ್ತರ ಮನೆಯ ಟಿವಿಯಲ್ಲಿ ಪೆನ್‌ಡ್ರೈವ್ ಹಾಕಿದಾಗ ನಾನೂ ಅಲ್ಲೇ ಇದ್ದೆ, ಗ್ರಹಚಾರ. ರಂಗಸ್ಥಳದ ಕಂಬಗಳು ಪೀಪಾಯಿಯ ಹೊಟ್ಟೆಯಂತೆ ಉಬ್ಬಿವೆ. ನಾಲ್ಕು ಮೂಲೆಯಲ್ಲಿ ಕಪ್ಪು. ಅಂಚಿನಲ್ಲಿ ನಿಂತವರ ಕಿರೀಟಕ್ಕೆ ಹಸಿರು, ನೇರಳೆ ಗೆರೆ. ಮನೆಯ ಅಜ್ಜಿ ಕೇಳಿದರು, "ಭಾಗವತರ ಮೋರೆ ಎಲ್ಲಿ ಮಗಾ?" ನಾನು ಎಂತ ಹೇಳಲಿ? ಮುಂಗಡ ವಾಪಸ್ ಕೊಟ್ಟು ಬಂದೆ. ಅವರು ಬೇಡ ಎಂದರು, ಒತ್ತಾಯ ಮಾಡಿ ಕೊಟ್ಟೆ. ಅಲ್ಲಿ ಕೂರಲಿಕ್ಕೇ ಆಗಲಿಲ್ಲ.

ಅಂಗಡಿಯವನ ಉತ್ತರಗಳನ್ನು ಓದಿ. ಕಂಬ ಬಾಗಿದ್ದಕ್ಕೆ: "ವೈಡ್ ಅಂದ್ಮೇಲೆ ಬೆಂಡ್ ಇರ್ತದೆ ಸರ್." ಮೂಲೆ ಕಪ್ಪಾದದ್ದಕ್ಕೆ: "ಎಡಿಟಿಂಗ್‌ನಲ್ಲಿ ಕ್ರಾಪ್ ಮಾಡಿ." ಕ್ರಾಪ್ ಮಾಡುವುದಾದರೆ ವೈಡ್ ಎಂತಕೆ ತಗೊಂಡದ್ದು? ಜೂಮ್ ಬಗ್ಗೆ ಕೇಳಿದ್ದಕ್ಕೆ: "ವೈಡ್ ಹಾಕಿ ಯಾರು ಸರ್ ಜೂಮ್ ಮಾಡ್ತಾರೆ?" ಫುಲ್ ಜೂಮ್ ಎಂದು ಹೇಳಿದವನೇ ಇವನು! ಕೊನೆಗೆ "ನಿಮ್ಮ ಕ್ಯಾಮೆರಾ ಹಳೇದು." ಫೋಟೊ, ವಿಡಿಯೊ ಕಳಿಸಿದರೆ ನೀಲಿ ಟಿಕ್ ಬಂತು, ಮೇಲೊಂದು ಹೆಬ್ಬೆರಳು. ಹೆಬ್ಬೆರಳು ಯಾಕೆ, ಹೇಳಿ.

ಅಷ್ಟಕ್ಕೆ ಬಿಡಲಿಲ್ಲ, ಅಳೆದೆ. ಕ್ಯಾಮೆರಾ ಸ್ಟ್ಯಾಂಡಿನಲ್ಲಿಟ್ಟು ಟೈಲ್ಸ್ ಹಾಕಿದ ಗೋಡೆಗೆ ತಿರುಗಿಸಿದೆ. ಕನ್ವರ್ಟರ್ ಇಲ್ಲದೆ ಅಡ್ಡಕ್ಕೆ 10 ಟೈಲ್ಸ್ ಕಂಡರೆ, 0.45 ನಿಜವಾಗಿದ್ದರೆ 22 ಕಾಣಬೇಕು. ಕಂಡದ್ದು 15. ಅಂದರೆ 0.67. ಕೆತ್ತಿದ ಸಂಖ್ಯೆಯೇ ಸುಳ್ಳು. 0.45 ಎಂದು ಹೇಳಿ 0.7ರದ್ದೇ ಕೊಟ್ಟ, ಅದೂ ಜೂಮ್ ಇಲ್ಲದ್ದು, ಮೂಲೆ ಕಪ್ಪಾಗುವುದು.

ತಗೊಳ್ಳುವವರು ಕ್ಯಾಮೆರಾ ಮಾತ್ರ ಅವರ ಕೈಗೆ ಕೊಡಬೇಡಿ. ನೀವೇ ಹಾಕಿ, ದೂರದ ಬೋರ್ಡಿಗೆ ಜೂಮಿನ ಕೊನೆವರೆಗೂ ಹೋಗಿ, ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿ. ಅಂಗಡಿಯವರು ಬೇಡ ಅಂದರೆ ಎದ್ದು ಬನ್ನಿ. ನಿಮ್ಮ ಥ್ರೆಡ್ಡಿನದ್ದೇ ತಗೊಳ್ಳಿ, ನಡುವೆ ರಿಂಗ್ ಬೇಡ. ಮತ್ತೆ ಬಿಲ್ಲಿನಲ್ಲಿ 0.45, ಜೂಮ್ ಎಲ್ಲ ಬರೆಸಿ. ನನ್ನ ಬಿಲ್ಲಿನಲ್ಲಿ "ಕ್ಯಾಮೆರಾ ಐಟಂ" ಎಂದಷ್ಟೇ ಇದೆ, ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಮೊಹರು. ಆ ಮೊಹರಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಂಡು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ.

ಅದಾದ ಮೇಲೆ ಅವನಿಂದ ತಾನಾಗಿ ಬಂದ ಮೊದಲ ಮೆಸೇಜ್: "ಸರ್ ಆ ಲೆನ್ಸ್ ತಗೊಂಡು ಬನ್ನಿ, 0.38 ಹೊಸ ಸ್ಟಾಕ್ ಬಂದಿದೆ, ಡಿಫರೆನ್ಸ್ ಕೊಟ್ರೆ ಸಾಕು."