ಬಲೆಯ ಗುಂಡಿನ ಎರಕಕ್ಕೆ ತ್ರೀಎಂ 6200 ಮಾಸ್ಕ್: ಕೊಳ್ಳಬಹುದು, ಆದರೆ ಅದೊಂದನ್ನೇ ನಂಬಬಾರದು

ಭೀಮಾ ನದಿಯಲ್ಲಿ ಬೀಸುವ ಬಲೆಗಳಿಗೆ ಬೇಕಾದ ಸೀಸದ ಗುಂಡುಗಳನ್ನು ನಾವು ಯಾದಗಿರಿಯ ಮನೆಯ ಹಿತ್ತಲಲ್ಲೇ ಎರಕ ಹೊಯ್ದುಕೊಳ್ಳುತ್ತೇವೆ. ಮೂಗಿಗೆ ಸುತ್ತಿಕೊಳ್ಳುವ ಟವೆಲಾಗಲಿ, ಕೋವಿಡ್ ಕಾಲದಿಂದ ಉಳಿದ ಬಟ್ಟೆಯ ಮಾಸ್ಕಾಗಲಿ ಸೀಸದ ಸೂಕ್ಷ್ಮ ಕಣಗಳಿಗೆ ಸಾಲದು. ಆದ್ದರಿಂದ ತ್ರೀಎಂ ಕಂಪನಿಯ 6200 ಎಂಬ ರಬ್ಬರಿನ ಅರ್ಧಮುಖದ ಮಾಸ್ಕನ್ನು 2091 ಫಿಲ್ಟರುಗಳೊಂದಿಗೆ ಕೊಂಡು ಈ ಬೇಸಿಗೆಯ ಎರಕಕ್ಕೆಲ್ಲ ಬಳಸಿದೆ.

ಇಲ್ಲಿ ಮುಖ್ಯವಾದುದು ಮಾಸ್ಕಿಗಿಂತ ಫಿಲ್ಟರು. ಕಲಬುರಗಿಯ ಅಂಗಡಿಯೊಂದರಲ್ಲಿ ಮೊದಲು ನನ್ನ ಮುಂದಿಟ್ಟದ್ದು ಬಣ್ಣ ಹೊಡೆಯುವವರು ಬಳಸುವ ಇದ್ದಿಲಿನ ಕಾರ್ಟ್ರಿಜ್. ಅದು ತಿನ್ನರಿನ ವಾಸನೆಯನ್ನು ಹೀರಬಲ್ಲದೇ ಹೊರತು ಸೀಸದ ದೂಳನ್ನು ತಡೆಯಲೆಂದು ಮಾಡಿದ್ದಲ್ಲ. ಬೇಕಾದುದು ಪಿ100 ದರ್ಜೆಯ ಕಣದ ಫಿಲ್ಟರು; ನಾನು ಕೊಂಡ 2091 ಅಂಥದ್ದೇ. ನೇರಳೆಗೆಂಪು ಬಣ್ಣದ ಚಪ್ಪಟೆ ಬಿಲ್ಲೆಯಂತಿರುವ ಇದು ಸೂಕ್ಷ್ಮ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ. ತೊಟ್ಟ ಮೇಲೆ ಒಂದೊಂದು ಬಿಲ್ಲೆಯ ನಟ್ಟನಡುವಿಗೂ ಒಂದೊಂದು ಹೆಬ್ಬೆರಳೊತ್ತಿ ಮೆಲ್ಲಗೆ ಉಸಿರೆಳೆದರೆ ರಬ್ಬರು ಒಳಕ್ಕೆ ಕುಗ್ಗಿ ಹಾಗೇ ನಿಲ್ಲಬೇಕು. ಗಡ್ಡವಿದ್ದವರಿಗೆ ಹಾಗೆ ನಿಲ್ಲುವುದಿಲ್ಲ. ಅವರು ಗಡ್ಡ ತೆಗೆಯಬೇಕು, ಇಲ್ಲವೇ ಎರಕದಿಂದ ದೂರವಿರಬೇಕು. 6200 ಮಧ್ಯಮ ಅಳತೆಯದು; ಸಣ್ಣ ಮುಖಕ್ಕೆ 6100, ದೊಡ್ಡದಕ್ಕೆ 6300 ಸಿಗುತ್ತವೆ.

ನಮ್ಮ ಭಾಗದ ಮೇ ತಿಂಗಳ ಬಿಸಿಲಿನಲ್ಲಿ ಇದನ್ನು ತೊಟ್ಟರೆ ಗಲ್ಲದ ಕೆಳಗೆ ಬೆವರು ಮಡುಗಟ್ಟುತ್ತದೆ. ಅದಕ್ಕೆ ಮಾಸ್ಕನ್ನು ದೂರುವಂತಿಲ್ಲ, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಬೇಕು. ಕಣ್ಣಿಗಂತೂ ಇದರಿಂದ ಯಾವ ರಕ್ಷಣೆಯೂ ಇಲ್ಲ. ಹಳೆಯ ಬಲೆಯಿಂದ ಬಿಚ್ಚಿದ ಗುಂಡುಗಳ ತೂತಿನಲ್ಲಿ ಹಸಿ ಕೆಸರು ಉಳಿದಿರುತ್ತದೆ. ಅಂಥದ್ದೊಂದನ್ನು ಕರಗಿದ ಸೀಸಕ್ಕೆ ಹಾಕಿದರೆ ನೀರು ತಟ್ಟನೆ ಆವಿಯಾಗಿ ಕಾದ ಸೀಸವನ್ನು ಮುಖದೆತ್ತರಕ್ಕೆ ಚಿಮ್ಮಿಸುತ್ತದೆ. ಹಳೆಯ ಗುಂಡುಗಳನ್ನು ಚೆನ್ನಾಗಿ ಒಣಗಿಸಿ, ತಣ್ಣಗಿನ ಪಾತ್ರೆಯಲ್ಲೇ ಇಟ್ಟು ಕಾಯಿಸುವುದು ಕ್ಷೇಮ. ಮುಖಪರದೆ, ಚರ್ಮದ ಕೈಗವಸು, ಮುಚ್ಚಿದ ಬೂಟು ಇವೆಲ್ಲ ಬೇರೆ ಖರ್ಚು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಾವು 500 ಡಿಗ್ರಿಯತ್ತ ಏರಿದಷ್ಟೂ ವಿಷದ ಹೊಗೆ ಹೆಚ್ಚುವುದರಿಂದ ಉಷ್ಣಮಾಪಕವೂ ಬೇಕು.

ಮಾಸ್ಕು ತಡೆಯಲಾಗದ ದೊಡ್ಡ ಅಪಾಯವೆಂದರೆ ಕಿಟ್ಟ. ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕೆನೆಯನ್ನು ಸೌಟಿನಿಂದ ತೆಗೆದು ಸುರಿದಾಗ ಅದು ಹಿಟ್ಟಿನಂತೆ ಉದುರಿ ಬೆರಳಿಗೂ ಅಂಗಿಗೂ ನೆಲಕ್ಕೂ ಅಂಟುತ್ತದೆ. ಅದೇ ಕೈಯಲ್ಲಿ ಎಲೆಯಡಿಕೆಯನ್ನೋ ಬೀಡಿಯನ್ನೋ ಬಾಯಿಗಿಟ್ಟರೆ ಎಷ್ಟು ಬೆಲೆಯ ಫಿಲ್ಟರಿದ್ದೂ ಫಲವಿಲ್ಲ. ಕಿಟ್ಟವನ್ನು ಮುಚ್ಚಳದ ಡಬ್ಬಿಯಲ್ಲಿಡಬೇಕು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಎರಕದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಮಕ್ಕಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲ. ಅವರು ಹೊಳೆಯುವ ಹೊಸ ಗುಂಡುಗಳನ್ನು ಆಯಲು ಬರುವುದು ಸಹಜವಾದ್ದರಿಂದ ಜಾಗಕ್ಕೆ ಬೇಲಿ ಅಗತ್ಯ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವವರಿಗೆ ಮಾತ್ರ ಈ ಮಾಸ್ಕನ್ನು ನಾನು ಹೇಳಲಾರೆ. ಆಸಿಡ್ಡಿನ ಆವಿ ಈ ಫಿಲ್ಟರಿಗೆ ಜಗ್ಗುವುದಿಲ್ಲ, ಆ ಕೆಲಸ ಮನೆಯಲ್ಲಿ ಮಾಡುವಂಥದ್ದೂ ಅಲ್ಲ.

ಫಿಲ್ಟರು ಹಾಳಾದರೆ ಅಥವಾ ಉಸಿರೆಳೆಯುವುದು ಬಿಗಿಯಾದರೆ ಬದಲಿಸಬೇಕು. ಅದನ್ನು ನೀರಿನಲ್ಲಿ ತೊಳೆಯುವಂತಿಲ್ಲ, ಕಳಚಿಟ್ಟು ರಬ್ಬರನ್ನಷ್ಟೇ ಸೋಪಿನಿಂದ ತೊಳೆಯಬಹುದು. ಬಿಡಿ ಫಿಲ್ಟರುಗಳು ಯಾದಗಿರಿಯಲ್ಲಿ ನನಗೆ ಸಿಗಲಿಲ್ಲ. ಮಾಸ್ಕಿನ ಜೊತೆಗೇ ಇನ್ನೊಂದು ಜೋಡಿ ತರಿಸಿಕೊಳ್ಳುವುದು ಮೇಲು.