ಎರಡು ಲೀಟರಿಗೆ ಯಾವ ನಾಲ್ಕು ಬಾಟಲಿ? ಬ್ರಿಟಿಷ್ ಏಲ್‌ಗಳಿಗೆ ಮಡಿಕೇರಿಯ ಅಂಕ

ಲಂಡನ್ನಿನಿಂದ ಊರಿಗೆ ಹೊರಟ ಮಗನೋ ಸೊಸೆಯೋ "ಏನು ತರಲಿ?" ಎಂದು ಫೋನ್ ಮಾಡಿದರೆ ಕೊಡಗಿನ ಮನೆಗಳಲ್ಲಿ ಹೆಚ್ಚಾಗಿ ಹೋಗುವ ಉತ್ತರ ಸ್ಕಾಚ್. ಒಂದು ಸಲ ಏಲ್ ಹೇಳಿ ನೋಡಿ, ಬ್ರಿಟನ್ನಿನ ಸಾಂಪ್ರದಾಯಿಕ ಬಿಯರ್ ಅದು. ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು 2 ಲೀಟರ್. ಬ್ರಿಟನ್ನಿನ ಏಲ್ ಬಾಟಲಿಗಳು ಬಹುತೇಕ 500 ಮಿಲಿಲೀಟರಿನವು. ಅಲ್ಲಿಗೆ ನಾಲ್ಕು ಬಾಟಲಿ.

ಯಾವ ನಾಲ್ಕು ಎಂದರೆ, ಫುಲ್ಲರ್ಸ್ 1845 ಎರಡು, ಥೀಕ್‌ಸ್ಟನ್ ಓಲ್ಡ್ ಪೆಕ್ಯುಲಿಯರ್ ಒಂದು, ಫುಲ್ಲರ್ಸ್ ಇಎಸ್‌ಬಿ (ಎಕ್ಸ್‌ಟ್ರಾ ಸ್ಪೆಷಲ್ ಬಿಟರ್) ಒಂದು. ಮೂರೂ ಕಂದು ಗಾಜಿನಲ್ಲಿ ಬರುತ್ತವೆ. ಮೂರರಲ್ಲೂ ಮದ್ಯಾಂಶ ಶೇ 5.5ಕ್ಕಿಂತ ಮೇಲಿದೆ. ವಿಮಾನ, ಬಿಸಿಲು, ಘಾಟಿ ದಾಟಿ ಬಂದ ಮೇಲೂ ರುಚಿ ಕಳೆದುಕೊಳ್ಳದೆ ಉಳಿಯುವ ಏಲ್‌ಗಳು ಇಂಥವೇ.

ಅಂಕದ ಲೆಕ್ಕ ಹತ್ತಕ್ಕೆ: ಪರಿಮಳಕ್ಕೆ 3, ರುಚಿಗೆ 4, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ 2, ಬಣ್ಣ ಮತ್ತು ನೊರೆಗೆ 1.

ಏಲ್ ಕುಡಿದವರು ನಮ್ಮಲ್ಲಿ ಹೇಳುವ ದೂರು ಎರಡೇ. ಒಂದು, ಸಪ್ಪೆ. ಇನ್ನೊಂದು, ಗ್ಯಾಸೇ ಇಲ್ಲ. ಎರಡನೆಯದು ದೋಷವಲ್ಲ, ಏಲ್ ಇರುವುದೇ ಹಾಗೆ. ಮೊದಲನೆಯದು ಫ್ರಿಜ್ಜಿನ ತಪ್ಪು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಲಾಗರ್ ಬಿಯರ್ ಕುಡಿಯುವ 4 ಡಿಗ್ರಿ ತಣ್ಣಗಿನಲ್ಲಿ ಏಲ್‌ನ ಪರಿಮಳ ಮೇಲೇಳುವುದಿಲ್ಲ, ಕಹಿ ಮಾತ್ರ ನಾಲಿಗೆಗೆ ಹತ್ತುತ್ತದೆ. ಬೇಕಾದದ್ದು 10ರಿಂದ 13 ಡಿಗ್ರಿ. ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಮುಕ್ಕಾಲು ಗಂಟೆ ಇಟ್ಟರೆ ಸುಮಾರಾಗಿ ಅಲ್ಲಿಗೆ ಬರುತ್ತದೆ.  

ಫುಲ್ಲರ್ಸ್ 1845ಕ್ಕೆ 9 ಅಂಕ. ಮದ್ಯಾಂಶ ಶೇ 6.3. ಲಂಡನ್ನಿನ ಚಿಸಿಕ್‌ನಲ್ಲಿರುವ ಗ್ರಿಫಿನ್ ಬ್ರೂವರಿಯದು. ಫುಲ್ಲರ್, ಸ್ಮಿತ್, ಟರ್ನರ್ ಮನೆತನಗಳು 1845ರಲ್ಲಿ ಪಾಲುದಾರರಾದದ್ದಕ್ಕೆ 150 ವರ್ಷ ತುಂಬಿದ ನೆನಪಿಗೆ 1995ರಲ್ಲಿ ಬಂದ ಬಿಯರ್ ಇದು. (2019ರಲ್ಲಿ ಫುಲ್ಲರ್ಸ್‌ನ ಬಿಯರ್ ವ್ಯವಹಾರ ಜಪಾನಿನ ಅಸಾಹಿಯ ಪಾಲಾಯಿತು.) ಲೇಬಲ್ಲಿನ ಮೇಲೆ ‘ಬಾಟಲ್ ಕಂಡೀಷನ್ಡ್’ ಎಂದಿರುತ್ತದೆ, ಎಂದರೆ ಬಾಟಲಿಯೊಳಗೆ ಜೀವಂತ ಯೀಸ್ಟ್ ಇದೆ. ಉಳಿದ ಸಕ್ಕರೆಯನ್ನು ಅದು ನಿಧಾನವಾಗಿ ತಿಂದು ಮೃದುವಾದ ಗ್ಯಾಸ್ ಕೊಡುತ್ತದೆ, ಒಳಗೆ ಸೇರಿದ ಆಮ್ಲಜನಕವನ್ನೂ ಒಂದಷ್ಟು ಹೀರಿಕೊಳ್ಳುತ್ತದೆ. ಇಟ್ಟಷ್ಟು ಕಾಲ ಹದವಾಗುವ ಗುಣ ಈ ಪಟ್ಟಿಯಲ್ಲಿ ಇದಕ್ಕೊಂದಕ್ಕೇ. ಎರಡು ತರಿಸಿ ಎಂದದ್ದು ಅದಕ್ಕೆ: ಒಂದು ಈಗ, ಇನ್ನೊಂದು ಮುಂದಿನ ಹುತ್ತರಿಗೆ. ಮೂಗಿಗೆ ಮೊದಲು ಬರುವುದು ಒಣದ್ರಾಕ್ಷಿ, ಹಿಂದೆಯೇ ಬಿಸಿ ಬಿಸ್ಕತ್ತು. ಬಾಯಲ್ಲಿ ಜೋನಿಬೆಲ್ಲದ ದಪ್ಪ, ಕೊನೆಗೆ ಬಿಯರಿಗೆ ಕಹಿ ಕೊಡುವ ಹೂವಾದ ಗೋಲ್ಡಿಂಗ್ಸ್ ಹಾಪ್ಸ್‌ನ ಒಣ ಕಹಿ. ಸಿಹಿ ಇದೆ, ಅಂಟುವುದಿಲ್ಲ.

ಇದನ್ನು ಬಗ್ಗಿಸುವುದು ಕಲಿಯಬೇಕು. ಬಾಟಲಿಯ ತಳದಲ್ಲಿ ತೆಳ್ಳಗೆ ಯೀಸ್ಟಿನ ಗಸಿ ಕೂತಿರುತ್ತದೆ. ಸಂಪಾಜೆ ಘಾಟಿಯ ತಿರುವುಗಳನ್ನು ಹತ್ತಿ ಬಂದ ಬಾಟಲಿಯಲ್ಲಿ ಅದು ಪೂರ್ತಿ ಕದಡಿರುತ್ತದೆ, ಹಾಗಾಗಿ ಬಂದ ದಿನವೇ ತೆರೆಯಬಾರದು. ನೆಟ್ಟಗೆ ನಿಲ್ಲಿಸಿ ಮೂರು ದಿನ ಬಿಡಿ. 500 ಮಿಲಿಲೀಟರ್ ಒಟ್ಟಿಗೆ ಹಿಡಿಯುವ ಗ್ಲಾಸ್ ತೆಗೆದುಕೊಳ್ಳಿ. ಬ್ರಿಟಿಷ್ ಪೈಂಟ್ ಗ್ಲಾಸ್ 568 ಮಿಲಿಲೀಟರಿನದು, ನೊರೆಗೂ ಜಾಗ ಉಳಿಯುತ್ತದೆ. ಗ್ಲಾಸನ್ನು ಓರೆ ಹಿಡಿದು, ಅದರ ಗೋಡೆಗುಂಟ ಒಂದೇ ಧಾರೆಯಲ್ಲಿ ಸುರಿಯಿರಿ. ನಡುವೆ ನಿಲ್ಲಿಸಿ ಬಾಟಲಿಯನ್ನು ನೆಟ್ಟಗೆ ಮಾಡಿದರೆ ಒಳಗಿನದು ಹಿಂದಕ್ಕೆ ಅಲೆಯಾಗಿ ಹೊಡೆದು ಗಸಿಯನ್ನೆಲ್ಲ ಎಬ್ಬಿಸುತ್ತದೆ. ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಗಸಿ ಹೊಗೆಯ ಎಳೆಯಂತೆ ಜಾರಿ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ತಳದಲ್ಲಿ ಒಂದು ಬೆರಳಿನಷ್ಟು ಬಿಟ್ಟರೆ ನಷ್ಟವೇನಿಲ್ಲ. ಕುಡಿದರೂ ಅಪಾಯವಿಲ್ಲ, ಹಸಿ ಬ್ರೆಡ್ಡಿನ ರುಚಿ ಬಂದು ಉಳಿದದ್ದನ್ನು ಮುಚ್ಚುತ್ತದೆ ಅಷ್ಟೆ.

ನೊರೆ ನಿಲ್ಲದಿದ್ದರೆ ಬಿಯರನ್ನು ದೂರುವ ಮೊದಲು ಗ್ಲಾಸ್ ನೋಡಿ. ಪಾತ್ರೆ ಸೋಪಿನ ಪಸೆ ನೊರೆಯನ್ನು ಒಡೆಯುತ್ತದೆ. ಹಂದಿಯ ಕೊಬ್ಬು ಇನ್ನೂ ಬೇಗ ಒಡೆಯುತ್ತದೆ. ಪಂದಿ ಕರಿ ತಿಂದ ತುಟಿ ಒಮ್ಮೆ ತಾಗಿದರೆ ಸಾಕು, ಆ ಜಾಗದಿಂದಲೇ ನೊರೆ ಕರಗಲು ಶುರು. ಅಂಕ ಕೊಡುವುದಿದ್ದರೆ ಮೊದಲ ನಾಲ್ಕು ಗುಟುಕು ಊಟಕ್ಕೆ ಮುಂಚೆಯೇ ಆಗಬೇಕು.

ಓಲ್ಡ್ ಪೆಕ್ಯುಲಿಯರ್‌ಗೆ 8.5. ಉತ್ತರ ಯಾರ್ಕ್‌ಷೈರಿನ ಮ್ಯಾಷಮ್ ಊರಿನದು, ಶೇ 5.6. ಕಡು ಮಾಣಿಕ್ಯದ ಬಣ್ಣ. ಕಾಫಿ ಬೆಳೆಯುವವರಿಗೆ ಇದರ ಪರಿಮಳವನ್ನು ವಿವರಿಸುವುದು ಸುಲಭ: ಕಣದಲ್ಲಿ ಹರಡಿದ ಕಾಫಿ ಹಣ್ಣು ನಾಲ್ಕೈದು ದಿನದ ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟುವಾಗ, ಕುಂಟೆ ಎಳೆದ ಕೂಡಲೇ ಏಳುತ್ತದಲ್ಲ, ಹುಳಿಸಿಹಿ ಹಣ್ಣಿನ ವಾಸನೆ, ಅದೇ. ಜೊತೆಗೆ ಒಂದಿಷ್ಟು ಬಾಳೆಹಣ್ಣು, ಒಂದಿಷ್ಟು ಕಾಕಂಬಿ. ಪಂದಿ ಕರಿಗೆ ಇದಕ್ಕಿಂತ ಒಳ್ಳೆಯ ಜೊತೆ ಈ ಸಾಲಿನಲ್ಲಿಲ್ಲ. ಕಪ್ಪಗೆ ಹುರಿದ ಕೊತ್ತಂಬರಿ, ಜೀರಿಗೆ, ಮೆಣಸಿನ ಮಸಾಲೆಗೆ ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಒಗ್ಗುತ್ತದೆ. ಹಣ್ಣಿನ ರಸ ಬತ್ತಿಸಿದ ಕೊಡಗಿನ ಹುಳಿ ಕಾಚಂಪುಳಿಯ ಹರಿತವನ್ನು ಬಿಯರಿನ ಸಿಹಿ ತಗ್ಗಿಸುತ್ತದೆ. ಕಹಿ ಕಡಿಮೆಯಾದ್ದರಿಂದ ಖಾರ ಏರುವುದಿಲ್ಲ. ಹಾಪ್ಸ್ ಜೋರಾಗಿರುವ ಬಿಯರಿಗೂ ಮೆಣಸಿನ ಖಾರಕ್ಕೂ ಆಗಿಬರುವುದಿಲ್ಲ, ಒಂದು ಇನ್ನೊಂದನ್ನು ಕೆರಳಿಸುತ್ತದೆ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮುರಿದು ಗ್ರೇವಿಯಲ್ಲಿ ಅದ್ದಿ ತಿಂದ ಮೇಲಿನ ಗುಟುಕಿನಲ್ಲಿ ಇದರ ಹಣ್ಣಿನ ರುಚಿ ಇಮ್ಮಡಿಯಾಗುತ್ತದೆ.

ಇಎಸ್‌ಬಿಗೂ 8.5, ಕಾರಣ ಬೇರೆ. 1978, 1981, 1985ರಲ್ಲಿ ಬ್ರಿಟನ್ನಿನ ಚಾಂಪಿಯನ್ ಬಿಯರ್ ಆದದ್ದು ಇದೇ. ಬಾಟಲಿಯಲ್ಲಿ ಶೇ 5.9, ಪೀಪಾಯಿಯಲ್ಲಿ ಸಿಗುವುದು ಶೇ 5.5. ಕೊಡಗಿನ ಕಿತ್ತಳೆಯ ಸಿಪ್ಪೆಗೆ ಉಗುರು ಹಾಕಿದಾಗ ಚಿಮ್ಮುವ ಎಣ್ಣೆಯ ಘಮ, ಆಮೇಲೆ ಮಾರ್ಮಲೇಡಿನ ಸಿಹಿಕಹಿ. ಇದನ್ನು ಪಂದಿ ಕರಿಯ ಜೊತೆ ಕುಡಿದರೆ ಖಾರ ಗಂಟಲಿಗೆ ಹತ್ತುತ್ತದೆ. ಹೊಗೆಯಲ್ಲಿ ಒಣಗಿಸಿದ ಮಾಂಸ ಅಥವಾ ಅಕ್ಕಿ ರೊಟ್ಟಿಯ ಜೊತೆ ಕುಡಿಯಿರಿ. ಇದೇ ಮನೆಯ ಲಂಡನ್ ಪ್ರೈಡ್ ಶೇ 4.7ರ ಹಗುರ ಬಿಯರ್, ನೂಪುಟ್ಟು (ಅಕ್ಕಿ ಶಾವಿಗೆ) ಕೋಳಿ ಕರಿಗೆ ಸರಿ. ಆದರೆ ಪ್ರಯಾಣದಲ್ಲಿ ಬೇಗ ಬಳಲುತ್ತದೆ. ಆರು ತಿಂಗಳೊಳಗಿನ ಬಾಟಲಿಗೆ 7, ಅದಕ್ಕಿಂತ ಹಳೆಯದಾದರೆ ಒದ್ದೆ ರಟ್ಟಿನ ವಾಸನೆ ಬಂದು 5ಕ್ಕೆ ಇಳಿಯುತ್ತದೆ. ಬಿಸಿಯಲ್ಲಿಟ್ಟ ಬಿಯರ್ ಆಮ್ಲಜನಕಕ್ಕೆ ಸಿಕ್ಕಿ ಹಳಸುವ ಗುರುತು ಈ ರಟ್ಟಿನ ವಾಸನೆ. ಒಲೆಯ ಮೇಲಿನ ಅಟ್ಟದಲ್ಲಿ ಬಾಟಲಿ ಇಡಲೇಬಾರದು.

ಬರ್ಟನ್ ಊರಿನ ಪರಂಪರೆಯ ಮಾರ್ಸ್ಟನ್ಸ್ ಪೆಡಿಗ್ರೀ ತೆರೆದಾಗ ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂದರೆ ಚೆಲ್ಲಬೇಡಿ. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೆಚ್ಚು, ಗಂಧಕದ ಎಳೆ ಬರುವುದು ಅದರಿಂದ. ಐದು ನಿಮಿಷದಲ್ಲಿ ಹೋಗುತ್ತದೆ. ಅಂಕ 7.

ಚೆಲ್ಲಬೇಕಾದ ವಾಸನೆ ಬೇರೆಯೇ ಇದೆ: ಸುಟ್ಟ ರಬ್ಬರ್ ಮತ್ತು ಕೊಳೆತ ಬೆಳ್ಳುಳ್ಳಿ ಸೇರಿದ ಹಾಗೆ. ಹಾಪ್ಸ್‌ನ ಕಹಿ ಪದಾರ್ಥ ಬೆಳಕಿಗೆ ಒಡೆದು ಗಂಧಕದ ಜೊತೆ ಸೇರಿ ಹೀಗಾಗುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಕ್ಕಷ್ಟೆ, ಬಣ್ಣವಿಲ್ಲದ ಬಿಳಿ ಗಾಜು ತಡೆಯುವುದೇ ಇಲ್ಲ. ಬಿಸಿಲಿನಲ್ಲಿ ಕೆಲವೇ ನಿಮಿಷ ಸಾಕು. ಅಂಗಡಿಯ ಟ್ಯೂಬ್‌ಲೈಟೂ ದಿನಗಳಲ್ಲಿ ಅದೇ ಕೆಲಸ ಮಾಡುತ್ತದೆ. ಓಲ್ಡ್ ಸ್ಪೆಕಲ್ಡ್ ಹೆನ್ ಸೋಲುವುದು ಇಲ್ಲಿಯೇ. ಆಬಿಂಗ್ಡನ್‌ನ ಎಂಜಿ ಕಾರು ಕಾರ್ಖಾನೆಯ 50 ವರ್ಷಕ್ಕೆಂದು 1979ರಲ್ಲಿ ಮಾಡಿದ, ಈಗ ಗ್ರೀನ್ ಕಿಂಗ್ ತಯಾರಿಸುವ ಈ ಏಲ್‌ನಲ್ಲಿ ಟಾಫಿಯ ಒಳ್ಳೆಯ ರುಚಿಯಿದೆ, ಬಾಟಲಿ ಮಾತ್ರ ಬಿಳಿ. ಶೆಲ್ಫಿನ ಮುಂದಿನ ಸಾಲಿನದಕ್ಕೆ 4, ಮುಚ್ಚಿದ ಪೆಟ್ಟಿಗೆಯಿಂದ ತೆಗೆದದ್ದಕ್ಕೆ 6.5. ಟ್ಯಾಡ್‌ಕಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಮನೆಯ, ಶೇ 5ರ ಕಪ್ಪು ಬಿಯರ್ ಟ್ಯಾಡಿ ಪೋರ್ಟರ್‌ಗೂ ಬಿಳಿ ಗಾಜಿನದೇ ರೂಢಿ. ಪೆಟ್ಟಿಗೆಯಿಂದ ಬಂದರೆ ಅದಕ್ಕೆ 8 ಕೊಡಬಹುದು, ಚಿಕೋರಿಯಿಲ್ಲದ ಡಿಕಾಕ್ಷನ್ನಿನ ಕಹಿ ಅದರಲ್ಲಿದೆ. ಆದರೆ ಅದರ ಬಾಟಲಿ 550 ಮಿಲಿಲೀಟರ್, ನಾಲ್ಕು ತಂದರೆ ಸುಂಕದ ಮಿತಿ ದಾಟುತ್ತದೆ.

ತರುವವರಿಗೆ ಹೇಳಬೇಕಾದದ್ದು: ಅಂಗಡಿಯಲ್ಲಿ ಹಿಂದಿನ ಸಾಲಿನ ಬಾಟಲಿ ತೆಗೆಯಲಿ, ‘ಬೆಸ್ಟ್ ಬಿಫೋರ್’ ತಾರೀಖು ಇನ್ನೂ ಒಂಬತ್ತು ತಿಂಗಳಾದರೂ ಮುಂದಿರಲಿ. ಒಂದೊಂದನ್ನೂ ದಪ್ಪ ಕಾಲುಚೀಲದೊಳಗೆ ತೂರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ, ಚೆಕ್‌ಇನ್ ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಇಡಲಿ. ಬಾಟಲಿ ಬಾಟಲಿಗೆ ತಾಗಬಾರದು. ಮಳೆಗಾಲ ಕಳೆಯುವವರೆಗೆ ಇಡುವುದಾದರೆ ಮುಚ್ಚಳಕ್ಕೆ ತುಕ್ಕು ಹತ್ತುತ್ತದೆ. ತೆರೆದ ಮೇಲೆ, ಬಗ್ಗಿಸುವ ಮೊದಲು, ಬಾಟಲಿಯ ಬಾಯಂಚನ್ನು ಒದ್ದೆ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿ. ಇಲ್ಲದಿದ್ದರೆ ಮೊದಲ ಗುಟುಕಿಗೆ ಕಬ್ಬಿಣದ ರುಚಿ ಸೇರುತ್ತದೆ.