ಮುತ್ತಿಗೆಯ ನಕ್ಷೆಯೋ, ಕೋಟೆಪಟ್ಟಣದ ನಕ್ಷೆಯೋ?

ಓದುವ ಕೋಣೆಯ ಗೋಡೆಗೆ ಹಳೆಯ ಅಚ್ಚಿನ ನಕ್ಷೆಯೊಂದರ ಪ್ರತಿ ಬೇಕು, ಹದಿನೇಳನೆಯ ಶತಮಾನದ ಅಚ್ಚುಚಿತ್ರಕಾರ ಜಾಕ್ ಕಾಲೊ ಕೆತ್ತಿದ, ನೆದರ್‌ಲೆಂಡ್ಸ್‌ನ ಬ್ರೆಡಾ ಪಟ್ಟಣದ ಮುತ್ತಿಗೆಯ ಚಿತ್ರವನ್ನು ತರಲೇ, ನಕ್ಷೆ ಪ್ರಕಾಶಕ ಯೋವಾನ್ ಬ್ಲಾವ್ 1649ರಲ್ಲಿ ಪ್ರಕಟಿಸಿದ ನೆದರ್‌ಲೆಂಡ್ಸ್ ಪಟ್ಟಣಗಳ ಸಂಪುಟಗಳಿಂದ ಒಂದು ಹಾಳೆಯನ್ನು ತರಲೇ ಎಂದು ಕೇಳಿದ್ದೀರಿ.

ಮೊದಲು ಗೋಡೆಯನ್ನು ಅಳೆಯಿರಿ. ಕಾಲೊನದು ಆರು ತಾಮ್ರದ ತಗಡುಗಳ ಕೆಲಸ. ಜೋಡಿಸಿದರೆ ಉದ್ದಗಲ ಎರಡೂ ಒಂದು ಮೀಟರ್ ದಾಟುತ್ತವೆ. ಕುಗ್ಗಿಸಿ ಮುದ್ರಿಸಿದರೆ ಅದರ ಜೀವವೇ ಹೋಗುತ್ತದೆ, ಚೌಕಟ್ಟಿನ ಖರ್ಚೂ ಹೆಚ್ಚು. ಬ್ಲಾವ್‌ನ ಹಾಳೆ ಪುಸ್ತಕದಲ್ಲಿ ಮಡಚಿ ಹೊಲಿಯುವ ಅಳತೆಯದು, ಮೇಜಿನ ಮೇಲೂ ಹಿಡಿಸುತ್ತದೆ.

ಕೋಟೆಯ ರಚನೆ ಕಲಿಯಬೇಕೆಂದರೆ ಬ್ಲಾವ್. ನಕ್ಷತ್ರದ ಮೊನೆಗಳಂತೆ ಚಾಚಿದ ಕೊತ್ತಳಗಳು, ಕಂದಕದ ತಿರುವು, ಬೀದಿಗಳು, ಎಲ್ಲವನ್ನೂ ಬೆರಳಿಟ್ಟು ಹಿಂಬಾಲಿಸಬಹುದು.

ಮುತ್ತಿಗೆ ನಡೆದ ಬಗೆ ತಿಳಿಯಬೇಕೆಂದರೆ ಕಾಲೊನಿಗೆ ಸಾಟಿಯಿಲ್ಲ. 1624–25ರಲ್ಲಿ ಸ್ಪೇನ್‌ನ ಸೇನಾಪತಿ ಸ್ಪಿನೋಲಾನ ಸೇನೆ ಊರಿನ ಸುತ್ತ ಎರಡು ಸುತ್ತಿನ ದಿಬ್ಬ ಕಟ್ಟಿತು: ಒಳಗಿನದು ಊರಿನತ್ತ, ಹೊರಗಿನದು ನೆರವಿಗೆ ಬರುವ ಸೇನೆಯತ್ತ. ಹಸಿವು ಗೆದ್ದಿತು. ಚಿತ್ರದ ಕೆಳಗಡೆ ಸೈನಿಕರೂ ಕುದುರೆಗಳೂ ಕೈಗೆಟಕುವಷ್ಟು ಹತ್ತಿರ. ಕಣ್ಣು ಮೇಲೇರಿದಂತೆ ನೆಲ ನಕ್ಷೆಯಾಗುತ್ತದೆ. ಈ ಜಾರುವಿಕೆಯನ್ನು ಎಷ್ಟು ಹೊತ್ತು ನೋಡಿದರೂ ನನಗೆ ದಣಿವಾಗಿಲ್ಲ. ಆದರೆ ಇದನ್ನು ಮಾಡಿಸಿದ್ದು ಗೆದ್ದ ಪಕ್ಷದ, ಸ್ಪೇನ್‌ನ ಪರವಾಗಿ ದಕ್ಷಿಣ ನೆದರ್‌ಲೆಂಡ್ಸನ್ನು ಆಳುತ್ತಿದ್ದ ಇಸಾಬೆಲ್ಲಾ ಎಂಬುದನ್ನು ಮರೆಯಬೇಡಿ.

ಬಣ್ಣ ಬೇಕೇ? ಕಾಲೊನದು ಕಪ್ಪು ಬಿಳುಪು. ಬ್ಲಾವ್‌ನ ಹಾಳೆಗಳಲ್ಲಿ ಕೈಯಿಂದ ಬಣ್ಣ ತುಂಬಿದವೂ ಸಿಗುತ್ತವೆ.